ಟ್ಯಾಂಕು ತುಂಬುವ ದಿನ

ಕೂದಲಿನಲ್ಲಿ ಏನಾದರೂ ಉಳಿದಿದ್ದರೆ ಎಂಬ ಅನುಮಾನ ಹುಟ್ಟಿ ನೆರಿಡಾ ಮತ್ತೊಮ್ಮೆ ತಲೆಗೆ ನೀರು ಸುರಿದುಕೊಂಡಳು. ಬರೀ ನೀರು. ಸೋಪಿಲ್ಲ, ಶಾಂಪೂ ಇಲ್ಲ, ಕಂಕುಳಿಗೆ ಹೊಡೆದುಕೊಳ್ಳುವ ಸೆಂಟಂತೂ ಇಲ್ಲವೇ ಇಲ್ಲ. ಟ್ಯಾಂಕು ತುಂಬುವ ದಿನ ಭೂಶಿರದ ಮೇಲಿನ ಗಾಳಿ ಅಳೆಯುವ ಕೇಂದ್ರಕ್ಕೆ ಹೋಗುವವರು ಹೀಗೆಯೇ, ತಮ್ಮ ತಮ್ಮ ಸ್ವಂತ ವಾಸನೆಯಲ್ಲೇ ಹೋಗಬೇಕು. ಒಂಥರಾ ಮಡಿ. ಹಿಂದಿನ ರಾತ್ರಿಯಿಂದ ಸಿಗರೇಟು ಮುಟ್ಟುವಂತಿಲ್ಲ, ಉಗುರಿಗೆ ಬಣ್ಣ ಹಚ್ಚುವಂತಿಲ್ಲ, ಕಾರನ್ನು ದೂರದ ಗೇಟಿನಲ್ಲೇ ಬಿಟ್ಟು ನಡೆಯಬೇಕು. ಜೊತೆ ಕೆಲಸದ ಮರ್ವ್ ಹೌಲೆಟ್ ಗಡ್ಡಕ್ಕೆ ನೊರೆ ಹಚ್ಚುವುದನ್ನೂ ನಿಲ್ಲಿಸಿಬಿಡುತ್ತಾನೆ. ಇಷ್ಟೆಲ್ಲ ನೇಮವಿದ್ದೂ ಅವಳು ಬೆಳಿಗ್ಗೆ ಎದ್ದವಳೇ ಆ ನೀಲಿ ಇನ್ಹೇಲರ್ ಬಾಯಿಗಿಟ್ಟುಕೊಂಡು ಒತ್ತಿದ್ದಳು. ಕಿಟಕಿ ತೆಗೆದೇ ಒತ್ತಿದ್ದಳು, ಫ್ಯಾನೂ ಹಾಕಿದ್ದಳು, ಆದರೂ. ಔಷಧವನ್ನು ಎದೆಯೊಳಕ್ಕೆ ತಳ್ಳಲು ಆ ಡಬ್ಬಿಯಲ್ಲಿ ತುಂಬಿರುತ್ತಾರಲ್ಲ ಒಂದು ಅನಿಲ, ಅದು ಒಮ್ಮೆ ಹೊರಬಿದ್ದರೆ ಹತ್ತಾರು ವರ್ಷ ಗಾಳಿಯಲ್ಲೇ ಅಲೆಯುತ್ತದೆ, ಭೂಮಿಯ ಮೈಯನ್ನು ಇಷ್ಟಿಷ್ಟೇ ಬಿಸಿ ಮಾಡುತ್ತದೆ. ಕೇಂದ್ರದ ಯಂತ್ರಗಳು ಹಗಲೂ ರಾತ್ರಿ ಹುಡುಕುವ ಅನಿಲಗಳಲ್ಲಿ ಅದೂ ಒಂದು. ಇದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಈ ದ್ವೀಪದಲ್ಲಿ ಹೆಚ್ಚು ಜನ ಇರಲಾರರು. ಟವಲಿನಿಂದ ತಲೆ ಒರೆಸಿಕೊಳ್ಳುವಾಗ ಟವಲನ್ನೂ ಮೂಸಿದಳು. ವಾಸನೆಯೇ ಇಲ್ಲದ ಅನಿಲವನ್ನು ಮೂಸಿ ಹುಡುಕುತ್ತಿದ್ದೇನಲ್ಲ ಎಂದು ನಗು ಬರಬೇಕಿತ್ತು. ಬರಲಿಲ್ಲ. ಎದೆಯೊಳಗೆ, ತುಂಬ ಆಳದಲ್ಲಿ, ಯಾರೋ ಮುಚ್ಚಿದ ಬಾಗಿಲ ಹಿಂದೆ ನಿಂತು ಸಣ್ಣಗೆ ಸಿಳ್ಳೆ ಹಾಕಿದ ಹಾಗೆ ಕೇಳಿಸಿತು.

ದಾರಿಯುದ್ದಕ್ಕೂ ಆ ಸಿಳ್ಳೆಗೇ ಕಿವಿಕೊಟ್ಟು ಕಾರು ಓಡಿಸಿದಳು. ಎಡಕ್ಕೆ ಹುಲ್ಲುಗಾವಲು, ಬಲಕ್ಕೆ ಸಮುದ್ರ, ಎರಡೂ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಆಕಾಶ ಮಾತ್ರ. ಈ ಬೇಸಿಗೆಯಲ್ಲಿ ವಾರಗಟ್ಟಲೆ ಆಕಾಶ ಹಳೇ ಚಹಾದ ಬಣ್ಣಕ್ಕೆ ತಿರುಗಿತ್ತು; ಜಲಸಂಧಿಯ ಆಚೆ, ದೊಡ್ಡ ನೆಲದಲ್ಲಿ ಕಾಡು ಹತ್ತಿ ಉರಿಯುತ್ತಿತ್ತು, ಉತ್ತರದ ಗಾಳಿ ಆ ಹೊಗೆಯನ್ನು ಎತ್ತಿಕೊಂಡು ಬಂದು ಅವರ ಅಂಗಳದಲ್ಲಿ ಸುರಿಯುತ್ತಿತ್ತು. ಒಣಹಾಕಿದ ಬಟ್ಟೆಯಲ್ಲಿ ಹೊಗೆ, ಹಾಲಿನಲ್ಲಿ ಹೊಗೆ, ನಿದ್ದೆಯಲ್ಲಿ ಹೊಗೆ. ಆಗಲೇ ಎದೆಯ ಆ ಸಿಳ್ಳೆ ಹಿಂದಿರುಗಿ ಬಂದದ್ದು. ನಿನ್ನೆ ಸಂಜೆ ತಣ್ಣನೆಯ ಅಲೆಯೊಂದು ಹಾದುಹೋಗಿ ಗಾಳಿ ನೈಋತ್ಯಕ್ಕೆ ತಿರುಗಿತು. ನೈಋತ್ಯ ಎಂದರೆ ಮನುಷ್ಯರೇ ಇಲ್ಲದ ದಿಕ್ಕು. ಅತ್ತಲಿಂದ ಬರುವ ಗಾಳಿ ಎಷ್ಟೋ ದಿನಗಳಿಂದ ಬರೀ ನೀರನ್ನೇ ನೋಡಿಕೊಂಡು ಬಂದಿರುತ್ತದೆ. ಒಂದು ಒಲೆ ಕಂಡಿರುವುದಿಲ್ಲ, ಒಂದು ಚಿಮಣಿ ಕಂಡಿರುವುದಿಲ್ಲ. ಅಂಥ ಗಾಳಿಯನ್ನು ವರ್ಷಕ್ಕೆ ನಾಲ್ಕಾರು ಸಲ ಉಕ್ಕಿನ ಟ್ಯಾಂಕಿನೊಳಗೆ ಹಿಡಿದು, ಬಾಯಿ ಬಿಗಿದು, ಎತ್ತಿಡುತ್ತಾರೆ. ಇನ್ನೂ ಹುಟ್ಟದ ಯಾರೋ ಇನ್ನೂ ಹುಟ್ಟದ ಯಂತ್ರ ತಂದು ಅದನ್ನು ತೆರೆದು ನೋಡಲಿ, ನಮ್ಮ ಕಾಲದ ಗಾಳಿ ಹೀಗಿತ್ತು ಎಂದು ತಿಳಿಯಲಿ ಎಂದು. ಆ ಸಾಲಿನಲ್ಲಿ ಇದುವರೆಗೆ ಒಂದು ಟ್ಯಾಂಕೂ ತಪ್ಪಿಲ್ಲ. ಈ ಬೇಸಿಗೆಯದು ಹೊಗೆಯಿಂದಾಗಿ ತಡವಾಗಿ ತಡವಾಗಿ ಇವತ್ತಿಗೆ ಬಂದು ನಿಂತಿತ್ತು. ಮಧ್ಯಾಹ್ನದ ಹೊತ್ತಿಗೆ ಗಾಳಿ ಮತ್ತೆ ಉತ್ತರಕ್ಕೆ ಹೊರಳುತ್ತದೆ, ಹೊಗೆ ಮರಳುತ್ತದೆ ಎಂದು ರೇಡಿಯೋದವಳು ಲವಲವಿಕೆಯಿಂದಲೇ ಹೇಳಿದಳು.

ಗೇಟಿನ ಹತ್ತಿರ ವಿಮ್ ನಿಂತಿದ್ದ. ಸುತ್ತಲಿನ ಹುಲ್ಲುಗಾವಲೆಲ್ಲ ಅವನದೇ, ಕಪ್ಪು ದನಗಳೂ ಅವನವೇ. ಅವನಪ್ಪ ಹಾಲೆಂಡಿನಿಂದ ಹಡಗು ಹತ್ತಿ ಬಂದವನು. ವಿಮ್ ಮಾತ್ರ ಇಲ್ಲೇ ಹುಟ್ಟಿ ಇಲ್ಲಿಯ ಗಾಳಿಗೇ ವಾಲಿ ಬೆಳೆದ ಗಿಡದ ಹಾಗಿದ್ದ.

"ಏನಮ್ಮಾ, ಇವತ್ತು ನಾರೋ ದಿನಾನಾ?" ಎಂದ.

"ಹೂಂ, ನಾರೋ ದಿನ. ನೀನು ದಿನಾ ಮಾಡೋದನ್ನ ನಾವು ಇವತ್ತೊಂದಿನ ಮಾಡ್ತೀವಿ."

"ಹಾಗಾದ್ರೆ ನಂಗೂ ಸರ್ಕಾರದಿಂದ ಸಂಬಳ ಕೊಡ್ಸಮ್ಮಾ." ವಿಮ್ ಹೊಟ್ಟೆ ಕುಣಿಸಿ ನಕ್ಕ. ಆಮೇಲೆ ಅವಳ ಮುಖವನ್ನೇ ನೋಡಿ, "ಯಾಕೆ ಹಂಗೆ ಬಿಳಿಚ್ಕೊಂಡಿದ್ದೀಯ? ನಿದ್ದೆ ಮಾಡಿಲ್ವಾ?" ಎಂದ.

"ಸ್ವಲ್ಪ ಶೀತ."

ಶೀತ. ಈ ಮಾತನ್ನು ಎಷ್ಟು ಸಲ ಹೇಳಿರಬಹುದು. ಕೆಲಸಕ್ಕೆ ಸೇರುವಾಗ ವೈದ್ಯರು ಕೇಳಿದ್ದರು, ಉಬ್ಬಸ ಉಂಟೇ ಎಂದು. ಇಲ್ಲ ಎಂದಿದ್ದಳು. ಅದು ಪೂರ್ತಿ ಸುಳ್ಳೂ ಅಲ್ಲ, ಆಗ ವರ್ಷಗಟ್ಟಲೆ ಬಂದಿರಲಿಲ್ಲ. ಮೂರು ಕಡೆ ಸಮುದ್ರ, ಆಸ್ಪತ್ರೆಗೆ ದೂರದ ದಾರಿ, ಉಸಿರಾಟದ ತೊಂದರೆ ಇದ್ದವರನ್ನು ಇಂಥ ಜಾಗದಲ್ಲಿ ಒಬ್ಬಂಟಿ ಬಿಡುವುದಿಲ್ಲ, ನಿಯಮ. ಬಿಡದಿದ್ದರೆ ಎಲ್ಲಿಗೆ ಹೋಗುವುದು? ಹುಟ್ಟಿದ ಕಣಿವೆಗೆ. ಕಣಿವೆ ಎಂದರೆ ಅವಳ ಕಣ್ಣಿಗೆ ಬರುವುದು ಅಮ್ಮ ಒದ್ದೆ ಬಟ್ಟೆ ಹಿಡಿದು ಒಣಹಾಕುವ ತಂತಿಯನ್ನು ಒರೆಸುವುದು. ಒರೆಸಿ, ಬಟ್ಟೆಯ ಕಪ್ಪನ್ನು ನೋಡಿ, ಮಡಚಿ, ಮತ್ತೆ ಒರೆಸುವುದು. ಹಿತ್ತಲಿನ ಬೇಲಿಯಾಚೆಗೆ ಕಲ್ಲಿದ್ದಲ ವಿದ್ಯುತ್ ಮನೆಯ ಚಿಮಣಿಗಳು. ಅಪ್ಪ ಅಲ್ಲೇ ಬಾಯ್ಲರಿನವನು. "ಆ ಹೊಗೆ ನಿಂತ ದಿನ ನಮ್ಮ ತಟ್ಟೇಲಿ ಬ್ರೆಡ್ಡೂ ಇರಲ್ಲ ಕಣೇ" ಎನ್ನುತ್ತಿದ್ದ, ಹೆಮ್ಮೆಯಿಂದಲೇ. ಶಾಲೆಯ ಓಟದಲ್ಲಿ ಅವಳು ಎದೆಯಲ್ಲಿ ಸಿಳ್ಳೆ ಹಾಕಿಸಿಕೊಂಡು ಕೊನೆಯವಳಾಗಿ ಬರುವಾಗ ಆಟದ ಮೇಷ್ಟರು ಕೈಯನ್ನು ಬಾಯಿಗೆ ಅಡ್ಡ ಹಿಡಿದು, "ಕೆಟಲ್ಲು ಕುದೀತಾ ಇದೆ, ದಾರಿ ಬಿಡ್ರೋ" ಎಂದು ಕೂಗಿದ್ದ. ಆ ವರ್ಷವಿಡೀ ಅವಳ ಹೆಸರು ಕೆಟಲ್ ಎಂದಾಗಿತ್ತು. ನಡು ವಯಸ್ಸು ಬಂದ ಮೇಲೂ ಯಾರಾದರೂ ಕುದಿಯುವ ಕೆಟಲಿನ ಹತ್ತಿರ ನಿಂತು ನಕ್ಕರೆ ಅವಳ ಕಿವಿ ಬೆಚ್ಚಗಾಗುತ್ತದೆ.

"ಬಂದ್ಯಾ ತಾಯಿ? ಗಾಳಿ ನಿಂಗೋಸ್ಕರ ಕಾಯ್ಕೊಂಡು ಕೂತಿರುತ್ತೆ ಅನ್ಕೊಂಡ್ಯಾ?" ಮರ್ವ್ ಅಟ್ಟಣೆಯ ಮೇಲಿನಿಂದಲೇ ಕೂಗಿದ. ಬಂಡೆಯಂಚಿನಲ್ಲಿ ಸಮುದ್ರಕ್ಕೆ ಮುಖ ಮಾಡಿ ಕಟ್ಟಿದ ಮರದ ಅಟ್ಟಣೆ ಅದು. ಅದರ ಕಟಕಟೆಗೆ ಬಿಗಿದ ಗಿಡ್ಡ ಕಂಬದ ತುದಿಯಲ್ಲಿ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿ. ಕೆಳಗೆ, ಮಂಜಿಗಿಂತ ಎಷ್ಟೋ ಪಾಲು ತಣ್ಣಗಿನ ದ್ರವ ಸಾರಜನಕ ತುಂಬಿದ ತೊಟ್ಟಿ. ತೊಟ್ಟಿಯೊಳಗೆ ಕತ್ತಿನವರೆಗೂ ಮುಳುಗಿದ ಉಕ್ಕಿನ ಟ್ಯಾಂಕು. ಪಂಪು ಗಾಳಿಯನ್ನು ಎಳೆದು ಟ್ಯಾಂಕಿಗೆ ದೂಡುತ್ತದೆ, ಆ ಚಳಿಗೆ ಗಾಳಿ ತಾನೇ ನೀರಾಗಿ ತಳಕ್ಕೆ ಇಳಿಯುತ್ತದೆ. ಅರ್ಧ ಬೆಳಗಿನ ಕೆಲಸ. ಯಾರಾದರೊಬ್ಬರು ಪಕ್ಕದಲ್ಲೇ ಕೂತು, ತೊಟ್ಟಿಯ ದ್ರವ ಬರಿದಾಗದ ಹಾಗೆ ನೋಡಿಕೊಳ್ಳುತ್ತಿರಬೇಕು. ಮರ್ವ್ ಗುಂಡಿ ಒತ್ತಿದ, ಪಂಪು ಗುರ್ ಎಂದಿತು. ಅವನು ಟೋಪಿ ತೆಗೆದು ಎದೆಗೆ ಹಿಡಿದು ಸಮುದ್ರದ ಕಡೆ ಒಂದು ಗಳಿಗೆ ನಿಂತ. ಪ್ರತಿ ಸಲವೂ ಹೀಗೆ ಮಾಡುತ್ತಾನೆ. ಕೇಳಿದರೆ, ತಲೆ ಕೆರೆದುಕೊಳ್ಳೋಕೆ ತೆಗೆದೆ ಎನ್ನುತ್ತಾನೆ.

ಇಬ್ಬರೂ ಮಾಂಸ ತುಂಬಿದ ತಣ್ಣಗಿನ ಪೈ ತಿಂದರು. ಒಲೆ ಹಚ್ಚುವಂತಿಲ್ಲ ಎಂದು ನಿನ್ನೆಯ ಪೈ. ಮರ್ವ್ ತನ್ನ ಹಳೆಯ ಕಥೆ ತೆಗೆದ, ಹೊಸ ಜನ ಯಾರು ಬಂದರೂ ಹೇಳುವ ಕಥೆ, ಹೊಸಬರು ಇಲ್ಲದಿದ್ದರೆ ಹಳಬರಿಗೇ. "ಗೊತ್ತಲ್ಲ, ಆವತ್ತು ಚಾರ್ಟಿನ ರೇಖೆ ನೆಟ್ಟಗೆ ಮಲ್ಕೊಂಡಿದ್ದು ಇದ್ದಕ್ಕಿದ್ದಂಗೆ ಸೂಜಿ ಥರ ಎದ್ದು ನಿಂತ್ಕೊಂಡ್ಬಿಡ್ತು. ಲ್ಯಾಬಿನೋರು ಗಾಬರಿ, ಚೀನಾದಲ್ಲಿ ಏನೋ ಫ್ಯಾಕ್ಟರಿ ಸಿಡೀತು ಅಂತ ಶುರು ಮಾಡಿದ್ರು. ನೋಡಿದ್ರೆ ಇಲ್ಲೇ ಯಾರೋ ಪುಣ್ಯಾತ್ಮ ಕಂಕುಳಿಗೆ ಪುಸ್ ಅನ್ನಿಸ್ಕೊಂಡಿದ್ದ!" ನೆರಿಡಾ ನಗಬೇಕಾದ ಜಾಗದಲ್ಲಿ ನಕ್ಕಳು. ನಗು ಅರ್ಧಕ್ಕೇ ತುಂಡಾಯಿತು. ಉಳಿದರ್ಧಕ್ಕೆ ಉಸಿರು ಸಾಲಲಿಲ್ಲ. ಅದನ್ನು ಕೆಮ್ಮಾಗಿ ತಿರುಗಿಸಿದಳು. ಮರ್ವ್ ಪೈನ ಚೂರನ್ನು ಬಾಯಿಯ ಹತ್ತಿರ ಹಿಡಿದವನು ಹಾಗೇ ಅವಳನ್ನು ನೋಡಿ, ಆಮೇಲೆ ತಿಂದ. ಅವನಿಗೆ ಗೊತ್ತಾಯಿತೇ? ಗೊತ್ತಾಗಿದ್ದರೆ ಕೇಳುತ್ತಿದ್ದ. ಕೇಳಲಿಲ್ಲ ಎಂದರೆ ಗೊತ್ತಾಗಿಲ್ಲ. ಅಥವಾ ಗೊತ್ತಾಗಿ, ಮನಸ್ಸಿನಲ್ಲೇ ಇಟ್ಟುಕೊಂಡು, ಕಾಯುತ್ತಿದ್ದಾನೆ. ಜಾಕೆಟ್ಟಿನ ಒಳಜೇಬಿನಲ್ಲಿ ಇನ್ಹೇಲರ್ ಪಕ್ಕೆಲುಬಿಗೆ ಒತ್ತುತ್ತಿತ್ತು. ಬೇರೆ ದಿನಗಳಲ್ಲಾದರೆ ಏನಾದರೂ ನೆಪ ತೆಗೆದು ಗೇಟಿನವರೆಗೆ ಹೋಗಿ, ಯಾರಿಗೂ ಕಾಣದ ಹಾಗೆ ನಿಂತು, ಎಳೆದುಕೊಂಡು ಬರುತ್ತಿದ್ದಳು. ಇವತ್ತು ಏಳುವುದು ಹೇಗೆ?

ಅಷ್ಟರಲ್ಲಿ ಮರ್ವ್ ಎದ್ದು ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದ. "ಅಯ್ಯಯ್ಯೋ, ಅವನ ಮನೆ ಹಾಳಾಗ! ದನ ನೋಡು, ದನ ನೋಡು!" ವಿಮ್‌ನ ದನಗಳು ಬೇಲಿ ಮುರಿದುಕೊಂಡು ಸಮುದ್ರದ ಬದಿಯ ಇಳಿಜಾರಿಗೆ, ಗಾಳಿ ಬರುವ ದಾರಿಗೇ ನುಗ್ಗಿದ್ದವು. ಅಲ್ಲಿ ಅವು ನಿಂತು ತೇಗಿದರೆ ತೇಗಿನೊಳಗಿನ ಅನಿಲವೆಲ್ಲ ನೇರ ಟ್ಯಾಂಕಿಗೆ. ಮರ್ವ್ ಮೆಟ್ಟಿಲಿಳಿದು, ಎರಡೂ ತೋಳು ಬೀಸುತ್ತ, ಸಮುದ್ರದ ಅಂಚಿನತ್ತ ಓಡಿದ. "ವಿಮ್! ಲೋ ವಿಮ್! ನಿನ್ ಹೆಂಡ್ತೀರನ್ನ ಕರ್ಕೊಂಡ್ಹೋಗೋ!" ಎಂಬ ಕೂಗು, ಅದಕ್ಕೆ ವಿಮ್ ಏನೋ ಡಚ್ಚಿನಲ್ಲಿ ಬೈದದ್ದು, ಗಾಳಿ ಅವಳ ತನಕ ತಂದಿತು. ಆಮೇಲೆ ಬಂಡೆಯ ಮರೆಯಾಗಿ ಅದೂ ಇಲ್ಲ.

ಒಬ್ಬಳೇ ಆದದ್ದಕ್ಕೇ ಕಾದಿದ್ದ ಹಾಗೆ ಎದೆ ಬಿಗಿಯಿತು. ಬಿಗಿಯುವುದು ಎಂದರೆ ಮೊದಲು ಯಾರೋ ಹಿಂದಿನಿಂದ ಬಂದು ಪ್ರೀತಿಯಿಂದ ತಬ್ಬಿಕೊಂಡ ಹಾಗೆ ಇರುತ್ತದೆ. ಆಮೇಲೆ ಅವರು ಬಿಡುವುದಿಲ್ಲ. ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ, ಅವರು ಉಸಿರು ಸಿಗುತ್ತಿಲ್ಲ ಎಂದುಕೊಳ್ಳುತ್ತಾರೆ. ಸಿಗುತ್ತದೆ, ಹಳೆಯದನ್ನು ಬಿಡಲಾಗದೆ ಹೊಸದಕ್ಕೆ ಜಾಗವಿಲ್ಲದೆ ಸಾಯುವುದು. ನೆರಿಡಾ ಕಟಕಟೆ ಹಿಡಿದು ಕುಕ್ಕರಿಸಿದಳು. ಎದುರಿಗೆ ಜಗತ್ತಿನಲ್ಲೇ ಅತ್ಯಂತ ಶುದ್ಧವಾದ ಗಾಳಿ ಧಾರಾಳವಾಗಿ, ಪುಕ್ಕಟೆಯಾಗಿ, ಮುಖಕ್ಕೆ ಬಡಿಯುತ್ತಿತ್ತು. ಅದರಲ್ಲಿ ಒಂದು ಬೊಗಸೆಯೂ ಅವಳಿಗೆ ದಕ್ಕುತ್ತಿರಲಿಲ್ಲ. ಪಂಪು ಮಾತ್ರ ಪಕ್ಕದಲ್ಲೇ ಆರಾಮಾಗಿ ಉಸಿರಾಡುತ್ತಿತ್ತು. ಎಳೆದುಕೋ, ದೂಡು. ಎಳೆದುಕೋ, ದೂಡು. ಅವಳಿಗೆ ಆ ಟ್ಯಾಂಕಿನ ಮೇಲೆ ಹೊಟ್ಟೆಕಿಚ್ಚಾಯಿತು, ಕಿಚ್ಚಿನ ಹಿಂದೆಯೇ ಭಯ. ಬೆನ್ನು ನೆಟ್ಟಗೆ ಮಾಡು, ಮೂಗಿನಿಂದ ಎಳೆದುಕೋ, ತುಟಿ ಚೂಪು ಮಾಡಿ ಬಿಡು, ಹೆದರಬೇಡ, ಹೆದರಿದರೆ ಇನ್ನೂ ಬಿಗಿಯುತ್ತದೆ ಎಂದು ಚಿಕ್ಕಂದಿನಲ್ಲಿ ಅಮ್ಮ ಬೆನ್ನು ಸವರುತ್ತಿದ್ದಳು. ಹೆದರಬೇಡ ಎನ್ನುವಾಗ ಅಮ್ಮನೇ ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದಳು.

ಆ ಅಮ್ಮ ಒಂದು ಬೇಸಿಗೆಯಲ್ಲಿ ಫೋನು ಮಾಡಿದ್ದಳು. ಕಣಿವೆಯ ಕಲ್ಲಿದ್ದಲ ಗಣಿಗೇ ಬೆಂಕಿ ಬಿದ್ದು ವಾರಗಟ್ಟಲೆ ಉರಿದ ಬೇಸಿಗೆ. "ಬೂದಿ ಬೀಳ್ತಾ ಇದೆ ಕಣೇ, ಕಿಟಕಿ ಸಂದೀಲೆಲ್ಲ ಬಟ್ಟೆ ತುರುಕಿದೀನಿ. ರೇಡಿಯೋದಲ್ಲಿ ಏನೂ ಆಗಲ್ಲ ಅಂತಾರೆ. ಪಕ್ಕದ್ಮನೆಯೋರು ಹೊರಟೋದ್ರು. ನೀನು ಗಾಳಿ ಅಳೆಯೋಳಲ್ವಾ, ನೀನ್ ಹೇಳು. ನಾನು ಇರ್ಲಾ, ಹೋಗ್ಲಾ?" ಅಲ್ಲಿ ಇನ್ನೂ ಯಾರೂ ಅಳೆಯುವ ಯಂತ್ರ ಇಟ್ಟಿರಲಿಲ್ಲ. ಅಳತೆಯಿಲ್ಲದೆ ಏನು ಹೇಳುವುದು? ಅಂದಾಜಿಗೆ ಮಾತಾಡಬಾರದು ಎಂದು ಇಡೀ ಜೀವನ ಕಲಿತವಳು. "ಅಳತೆ ಬರ್ಲಿ ತಾಳಮ್ಮಾ, ಆಮೇಲೆ ಹೇಳ್ತೀನಿ" ಎಂದಿದ್ದಳು. ಅಮ್ಮ ತಾಳಿದಳು. ಮಗಳು ಹೇಳಿದ್ದಾಳೆ ಎಂದು ಸಂದಿಗೆ ಬಟ್ಟೆ ತುರುಕಿಕೊಂಡು ತಾಳಿದಳು. ಅಳತೆ ಬಂದಾಗ ಬೆಂಕಿಯೇ ಆರುತ್ತ ಬಂದಿತ್ತು. ಈಗ ಅಮ್ಮನ ಮೂಗಿಗೆ ಆಮ್ಲಜನಕದ ಕೊಳವೆ. ಫೋನಿನಲ್ಲಿ ಮಾತಿಗಿಂತ ಮೊದಲು ಆ ಯಂತ್ರದ ಬುಸ್ ಬುಸ್ ಕೇಳಿಸುತ್ತದೆ. "ನೀನೇನ್ ಮಾಡ್ತೀಯ, ಅಳತೆ ಇಲ್ದೆ ಯಾರ್ ತಾನೆ ಹೇಳೋಕಾಗುತ್ತೆ ಬಿಡು" ಎಂದು ಅವಳೇ ಮಗಳನ್ನು ಸಮಾಧಾನ ಮಾಡುತ್ತಾಳೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಗೇಟಿನವರೆಗೆ ನಡೆಯುವುದು ಆಗದ ಮಾತು. ಮೆಟ್ಟಿಲು ಇಳಿಯುವಷ್ಟು ಬಲ ಕೂಡ ಕಾಲಿನಲ್ಲಿ ಇಲ್ಲ. ಇನ್ನೊಂದು ದಾರಿ ಇತ್ತು. ಮೊದಲು ಟ್ಯಾಂಕಿನ ಕತ್ತಿನ ತಿರುಪು ಬಿಗಿದು, ಪಂಪು ನಿಲ್ಲಿಸಿ, ಆಮೇಲೆ ಎಳೆದುಕೊಳ್ಳುವುದು. ಆಗ ಟ್ಯಾಂಕು ಅರ್ಧಕ್ಕೇ ನಿಲ್ಲುತ್ತದೆ, ಯಾಕೆ ನಿಲ್ಲಿಸಿದೆ ಎಂದು ಮರ್ವ್ ಕೇಳುತ್ತಾನೆ. ಕೈ ತಿರುಪಿನ ಕಡೆ ಹೋಯಿತು. ಹೋಗುತ್ತ ಹೋಗುತ್ತ ಕಣ್ಣಿನ ಅಂಚುಗಳು ಕಪ್ಪಾಗತೊಡಗಿದವು, ಸಮುದ್ರ ಒಂದು ಸಣ್ಣ ತೂತಿನಾಚೆ ಹೋಗಿ ನಿಂತಿತು, ಯಾವುದು ತಿರುಪು ಯಾವುದು ಗುಂಡಿ ಯಾವುದನ್ನು ಮೊದಲು ಎಂಬುದು ತಲೆಯಿಂದ ಜಾರಿಹೋಯಿತು. ನಾನು ಇಲ್ಲಿ, ಇಷ್ಟೊಂದು ಗಾಳಿಯಲ್ಲಿ, ಸಾಯುತ್ತೇನೆ ಎಂಬ ಭಯ ಒಂದೇ ಉಳಿಯಿತು, ಮಗುವಿಗಾಗುವಂಥ ಭಯ, ಅದರಲ್ಲಿ ವಿಜ್ಞಾನವೂ ಇಲ್ಲ, ಕೆಲಸವೂ ಇಲ್ಲ, ಇನ್ನೂ ಹುಟ್ಟದ ಯಾರೂ ಇಲ್ಲ. ಅವಳ ಕೈ ಅವಳನ್ನು ಕೇಳದೆ ಜೇಬಿಗೆ ಹೋಗಿ, ಬಾಯಿಗೆ ಬಂದು, ಒತ್ತಿತು. ಮತ್ತೆ ಒತ್ತಿತು.

ಸ್ವಲ್ಪ ಹೊತ್ತಿಗೆ ಎದೆಯನ್ನು ತಬ್ಬಿದ್ದ ತೋಳುಗಳು ಒಂದೊಂದೇ ಬೆರಳು ಸಡಿಲಿಸಿದವು. ಉಸಿರು ಹೊರಗೆ ಬಂತು, ಉದ್ದವಾಗಿ, ಸಿಳ್ಳೆಯ ಸಮೇತ. ಆಮೇಲೆ ಅವಳು ತಲೆಯೆತ್ತಿ ನೋಡಿದಳು. ಕೊಳವೆಯ ಬಾಯಿ ಅವಳ ತಲೆಯ ಮೇಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಬಾಯಿ ತೆರೆದುಕೊಂಡಿತ್ತು. ಪಂಪು ನಡೆಯುತ್ತಲೇ ಇತ್ತು. ಗಾಳಿ ಜೋರಿತ್ತು, ಅನಿಲವನ್ನು ದೂರ ಹೊತ್ತುಕೊಂಡು ಹೋಗಿರುತ್ತದೆ. ಇಲ್ಲ, ಅಟ್ಟಣೆಗೆ ಬಡಿದ ಗಾಳಿ ಗಿರಕಿ ಹೊಡೆದು ಮೇಲೇರುತ್ತದೆ, ಎಷ್ಟು ಸಲ ನೋಡಿಲ್ಲ, ಬಿದ್ದ ಎಲೆ ಕಟಕಟೆ ಹತ್ತಿ ಕುಣಿಯುವುದನ್ನು. ಕೊಳವೆಯೊಳಗೆ ಹೋಗಿರಬಹುದು, ಹೋಗದಿರಬಹುದು. ಇನ್ಹೇಲರನ್ನು ಜೇಬಿಗೆ ಹಾಕಿಕೊಂಡು ಬಟ್ಟೆ ಕೊಡವಿಕೊಂಡಳು, ಕಳ್ಳಿಯ ಹಾಗೆ. ತಿರುಪಿನ ಮೇಲೆ ಕೈಯಿಟ್ಟಳು, ತಿರುಗಿಸಲಿಲ್ಲ. ತಿರುಗಿಸಿದರೆ ಹೇಳಬೇಕಾಗುತ್ತದೆ. ತಿರುಗಿಸದಿದ್ದರೆ ಟ್ಯಾಂಕು ತನ್ನ ಪಾಡಿಗೆ ತುಂಬಿಕೊಳ್ಳುತ್ತದೆ, ಮರ್ವ್ ಬಾಯಿ ಬಿಗಿಯುತ್ತಾನೆ, ಅವಳು ಇಲ್ಲೇ ಇರುತ್ತಾಳೆ.

ಮರ್ವ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ. "ಒಂದೊಂದ್ನೂ ಕಿವಿ ಹಿಡ್ಕೊಂಡು ತಳ್ಳಿದ್ದಾಯ್ತು. ವಿಮ್ ಹೇಳ್ತಾನೆ, ದನಕ್ಕೂ ಸಮುದ್ರದ ಗಾಳಿ ಬೇಕಂತೆ..." ಎಂದವನು ನಿಂತ. ಅವಳ ಮುಖ ನೋಡಿದ. ತಿರುಪಿನ ಮೇಲಿದ್ದ ಕೈ ನೋಡಿದ. ಮೇಲೆ ಕೊಳವೆಯ ಬಾಯಿ ನೋಡಿದ.

"ಇಲ್ಲೇ ಎಳ್ಕೊಂಡ್ಯಾ?" ಎಂದ, ಮೆಲ್ಲಗೆ.

ಅವಳು ಜಾಕೆಟ್ಟಿನ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡಳು. ಅವನಿಗೆ ಏನು ಗೊತ್ತು, ಎಷ್ಟು ಗೊತ್ತು?

"ನೋಡಮ್ಮಾ, ನೀನು ಗೇಟ್ ಹತ್ರ ಹೋಗಿ ಎಳ್ಕೊಂಡು ಬರೋದು ನಂಗೆ ಗೊತ್ತಿಲ್ಲ ಅನ್ಕೊಂಡ್ಯಾ? ಈ ಬೇಸ್ಗೇಲಿ ಗಾಳಿ ಗೇಟಿನ ಕಡೆಯಿಂದ ಬೀಸಿದಾಗೆಲ್ಲ ಚಾರ್ಟಲ್ಲಿ ಒಂದು ಪುಟಾಣಿ ಬೆಟ್ಟ ಏಳುತ್ತೆ. ನೀನು ರಜಾ ಹಾಕಿದ್ ದಿನ ಏಳಲ್ಲ. ನೆಲದ ಕಡೆ ಗಾಳಿ ಹೆಂಗೂ ನಮ್ ಲೆಕ್ಕಕ್ಕಿಲ್ಲ, ಅದಕ್ಕೆ ಸುಮ್ನಿದ್ದೆ. ನೆರಿಡಾ ಬೆಟ್ಟ ಅಂತ ಹೆಸರೂ ಇಟ್ಟಿದೀನಿ." ನಗಲು ನೋಡಿದ.

ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡ ಒಂದೊಂದು ಉಸಿರೂ ಗಾಳಿಯಲ್ಲಿ ಹೋಗಿ, ಕಾಗದದ ಮೇಲೆ ಬೆಟ್ಟವಾಗಿ ನಿಂತು, ಈ ಮನುಷ್ಯ ಬೆಳಿಗ್ಗೆ ಚಹಾ ಕುಡಿಯುತ್ತ ಅದನ್ನು ನೋಡಿ ನಕ್ಕಿದ್ದಾನೆ. ನೆರಿಡಾಳಿಗೆ ಬಟ್ಟೆಯಿಲ್ಲದೆ ನಿಂತಂತಾಯಿತು. ಕೆಟಲ್ಲು ಕುದೀತಾ ಇದೆ.

"ಒಳಗೆ ಹೋಗಿದೆಯೋ ಇಲ್ವೋ ಗೊತ್ತಾಗ್ತಿಲ್ಲ, ಮರ್ವ್."

"ಹೋಗಿರಲ್ಲ ಬಿಡು. ಗಾಳಿ ನೋಡು ಹೆಂಗಿದೆ, ನನ್ ಟೋಪೀನೇ ಹಾರ್ಸ್ಕೊಂಡು ಹೋಗ್ತಿದೆ. ಇನ್ನ ಸ್ವಲ್ಪ ಹೊತ್ತು, ತುಂಬಿಬಿಡುತ್ತೆ. ಈಗ ನಿಲ್ಸಿದ್ರೆ ಮತ್ತೆ ಖಾಲಿ ಮಾಡಿ, ಒಣಗಿಸಿ, ನಾಳೆ ಆಗುತ್ತೆ. ನಾಳೆ ಹೊಗೆ. ಈ ಬೇಸ್ಗೆ ಟ್ಯಾಂಕೇ ಇಲ್ಲ ಅಂತಾಗುತ್ತೆ. ಇಷ್ಟು ವರ್ಷದಲ್ಲಿ ಒಂದೂ ತಪ್ಪಿಲ್ಲ ಕಣಮ್ಮಾ."

"ಹೋಗಿದ್ರೆ?"

"ಹೋಗಿದ್ರೂ ಯಾರಿಗ್ ಗೊತ್ತಾಗುತ್ತೆ? ಗೊತ್ತಾಗೋ ಹೊತ್ತಿಗೆ ನಾನೂ ಇರಲ್ಲ, ನೀನೂ ಇರಲ್ಲ. ಏನೂ ಆಗಲ್ಲ." ಅವನ ದನಿಯಲ್ಲಿ ಮೋಸ ಇರಲಿಲ್ಲ, ಅವಳನ್ನು ಉಳಿಸಿಕೊಳ್ಳುವ ಆಸೆ ಇತ್ತು. ಅದೇ ಅವಳನ್ನು ಹೆದರಿಸಿದ್ದು. ಏನೂ ಆಗಲ್ಲ ಎಂದು ರೇಡಿಯೋದಲ್ಲಿ ಹೇಳಿದವನು ಕೂಡ ಕೆಟ್ಟವನಾಗಿರಲಿಕ್ಕಿಲ್ಲ; ಇಂಥದೇ ಬೆಚ್ಚಗಿನ ದನಿಯವನಿರಬೇಕು, ಮನೆಯಲ್ಲಿ ಮಕ್ಕಳಿದ್ದವನು. ಅಳತೆ ಬರುವ ತನಕ ತಾಳು ಎಂದವಳೂ ಕೆಟ್ಟವಳಲ್ಲ. ಮುಂದೊಂದು ದಿನ ಯಾರೋ ಹೆಂಗಸು ಈ ಟ್ಯಾಂಕಿನ ಬಾಯಿ ಬಿಚ್ಚುತ್ತಾಳೆ. ಆ ಬೇಸಿಗೆಯಲ್ಲಿ ಗಾಳಿ ಹೀಗಿತ್ತು ಎಂದು ಬರೆದುಕೊಳ್ಳುತ್ತಾಳೆ. ಆ ಗಾಳಿಯನ್ನು ನಂಬಿ ಯಾರಿಗೋ ಇರು ಅನ್ನುತ್ತಾಳೆ, ಇನ್ಯಾರಿಗೋ ಹೋಗು ಅನ್ನುತ್ತಾಳೆ. ಅವಳಿಗೆ ತಪ್ಪು ಯಾರದೆಂದು ಎಂದೂ ತಿಳಿಯುವುದಿಲ್ಲ. ಹೆಸರಿಲ್ಲದ ಆ ಹೆಂಗಸಿನ ಮುಖ ನೆರಿಡಾಳಿಗೆ ಎಷ್ಟು ಪ್ರಯತ್ನಿಸಿದರೂ ಕಾಣಲಿಲ್ಲ, ಅವಳು ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದಳು. ಅವಳ ನಂಬಿಕೆ ಮಾತ್ರ ಕಂಡಿತು.

ನೆರಿಡಾ ತಿರುಪು ಬಿಗಿದಳು. ಗುಂಡಿ ಒತ್ತಿದಳು. ಪಂಪು ನಿಂತದ್ದೇ ಸಮುದ್ರದ ಸದ್ದು ಒಮ್ಮೆಗೇ ಹತ್ತಿರ ಬಂತು.

"ಏನ್ ಮಾಡ್ಬಿಟ್ಟೆ, ಮಾರಾಯ್ತಿ" ಎಂದ ಮರ್ವ್. ಬೈಗುಳವಲ್ಲ ಅದು. ಕೈಗೆ ಗವುಸು ಹಾಕಿಕೊಂಡು ತಾನೇ ಬಂದು ಟ್ಯಾಂಕನ್ನು ಎತ್ತಲು ಕೈ ಕೊಟ್ಟ. ಇಬ್ಬರೂ ಸೇರಿ ಅದನ್ನು ತೊಟ್ಟಿಯಿಂದ ಮೇಲೆತ್ತಿ, ಬಾಯಿ ಸಡಿಲಿಸಿ, ದೂರ ಸರಿದು ನಿಂತರು. ನೀರಾಗಿ ಮಲಗಿದ್ದ ಗಾಳಿ ಎಚ್ಚೆತ್ತು ಕುದಿಯತೊಡಗಿತು. ಬಿಳಿಯ ಮಂಜಾಗಿ ಬುಸುಗುಟ್ಟುತ್ತ ಅಟ್ಟಣೆಯ ಹಲಗೆಗಳ ಮೇಲೆ ಹರಿದು, ಸಂದಿಯಲ್ಲಿ ಇಳಿದು, ಹುಲ್ಲಿನ ಮೇಲೆ ಹೋಗಿ ಇಲ್ಲವಾಯಿತು. ಬೇಲಿಯಾಚೆ ವಿಮ್ ದನಗಳ ನಡುವೆ ನಿಂತು ನೋಡುತ್ತಿದ್ದ. ಅಷ್ಟು ದೂರದಿಂದಲೂ ಅವನಿಗೆ ಏನೋ ತಪ್ಪಿದೆ ಎಂದು ಗೊತ್ತಾಗಿರಬೇಕು, ತಮಾಷೆ ಮಾಡದೆ ಕೈಯನ್ನು ಅರ್ಧ ಎತ್ತಿ ಇಳಿಸಿದ. ಮಂಜು ಮುಗಿದ ಮೇಲೆ ಮರ್ವ್ ಗವುಸು ಕಳಚಿದ. ಗಾಳಿ ಸಡಿಲವಾಗುತ್ತಿತ್ತು. ಉತ್ತರದ ಅಂಚಿನಲ್ಲಿ ಆಗಲೇ ಒಂದು ಕಂದು ಗೆರೆ.

ಒಳಗೆ ಫೋನು ಬಡಿದುಕೊಂಡಿತು. ಟ್ಯಾಂಕಿನ ದಿನ ಈ ಹೊತ್ತಿಗೆ ಲ್ಯಾಬಿನಿಂದ ಫೋನು ಬರುವುದು ವಾಡಿಕೆ. ಮರ್ವ್ ಒಳಗೆ ಹೋಗಿ ಎತ್ತಿದ. "ಹಾಂ. ಹಾಂ. ಒಂದ್ನಿಮಿಷ" ಎಂದು, ಮಾತಾಡುವ ಕಡೆಯನ್ನು ಅಂಗೈಯಿಂದ ಮುಚ್ಚಿ, ಬಾಗಿಲಲ್ಲಿ ನಿಂತ ಅವಳನ್ನು ನೋಡಿದ.

"ಪಂಪು ಕೈಕೊಡ್ತು ಅಂತ ಹೇಳ್ತೀನಿ. ಹಳೇ ಪಂಪು, ನಂಬ್ತಾರೆ. ನೀನು ಸುಮ್ನಿರು. ನಿಜ ಹೇಳಿದ್ರೆ ನಾಳೇನೇ ಡಾಕ್ಟ್ರ ಹತ್ರ ಕಳಿಸ್ತಾರೆ, ಆಮೇಲೆ ಈ ಕಡೆ ಬಿಡಲ್ಲ. ಎಲ್ಲಿಗ್ ಹೋಗ್ತೀಯ, ಆ ಹಾಳು ಕಣಿವೆಗಾ?"

ಅವಳು ಕೈ ಚಾಚಿದಳು. ಅವನು ಕೊಡಲಿಲ್ಲ. ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳಬಹುದಾದ ಒಂದು ಗಳಿಗೆ ಇತ್ತು, ಅದು ಎಷ್ಟು ಉದ್ದವಿತ್ತೆಂದರೆ ಅದರೊಳಗೆ ಅವಳು ಕಣಿವೆಗೆ ಹೋಗಿ, ಅಮ್ಮನ ಯಂತ್ರದ ಪಕ್ಕದ ಕೋಣೆಯಲ್ಲಿ ಮಂಚ ಹಾಕಿ, ರಾತ್ರಿಯೆಲ್ಲ ಆ ಬುಸ್ ಬುಸ್ ಕೇಳುತ್ತ ಮಲಗಿ ಎದ್ದು ಬಂದಳು. ಕೈ ಹಾಗೇ ಇತ್ತು. ಮರ್ವ್ ಕಡೆಗೂ ಫೋನನ್ನು ಅದರ ಮೇಲಿಟ್ಟ.

"ಹಲೋ? ಟ್ಯಾಂಕು ಆಯ್ತಾ?" ಆ ಕಡೆಯದು ಒಬ್ಬ ಹುಡುಗಿಯ ದನಿ, ಹೊಸಬಳು.

"ಇಲ್ಲ. ಅರ್ಧಕ್ಕೇ ನಿಲ್ಲಿಸಿ ಖಾಲಿ ಮಾಡಿದ್ವಿ. ಈ ಸಲದ್ದು ಇಲ್ಲ."

"ಅಯ್ಯೋ! ಪಂಪಾ?"

ಕಿಟಕಿಯ ಹತ್ತಿರ ಮರ್ವ್ ಅವಳಿಗೆ ಬೆನ್ನು ಹಾಕಿ ನಿಂತಿದ್ದ. ಅವನ ಭುಜಗಳು ಕಾಯುತ್ತಿದ್ದವು.

"ಪಂಪು ಚೆನ್ನಾಗಿದೆ" ಎಂದಳು ನೆರಿಡಾ. "ತುಂಬೋವಾಗ ಕೊಳವೆ ಕೆಳಗೆ ಕೂತು ಇನ್ಹೇಲರ್ ಎಳ್ಕೊಂಡೆ. ಒಳಗೆ ಹೋಗಿದೆಯೋ ಇಲ್ವೋ ಗೊತ್ತಿಲ್ಲ. ಗೊತ್ತಿಲ್ಲ ಅಂತಾನೇ ಬರ್ಕೊಳ್ಳಿ."

ಆ ಕಡೆ ಪೆನ್ನು ಗೀಚುವ ಸದ್ದು ಕೇಳಿಸಿತು. ಆಮೇಲೆ ಹುಡುಗಿ ಮೆಲ್ಲಗೆ, ತಪ್ಪು ತಾನೇ ಮಾಡಿದ ಹಾಗೆ, "ಯಾರು ಅಂತ ಬರ್ಕೊಳ್ಲಿ?" ಎಂದಳು.

ನೆರಿಡಾ ಬಾಯಿ ತೆರೆದಳು. ಎದೆಯೊಳಗಿದ್ದ ಹಳೆಯ ಉಸಿರನ್ನೆಲ್ಲ ಮೊದಲು ಹೊರಗೆ ಬಿಟ್ಟಳು, ಖಾಲಿಯಾಗುವ ತನಕ. ಆಮೇಲೆ ಹೊಸದನ್ನು ಎಳೆದುಕೊಂಡಳು. ಅದರಲ್ಲಿ ಹೊಗೆಯ ವಾಸನೆ ಬೆರೆತಿತ್ತು.

"ನೆರಿಡಾ ಪೈಬಸ್" ಎಂದಳು.